ಚರಂಡಿ ಆಮೇಲೆ, ಮೊದಲು ಕಾರ್ಡ್ ತೋರಿಸಿ

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಯಾವ ಕಾಮಗಾರಿ ಬೇಕಾದರೂ ತಡ ಆಗಬಹುದು, ಜಗಳ ಮಾತ್ರ ಟೈಮಿಗೆ ಸರಿಯಾಗಿ ಶುರುವಾಗುತ್ತದೆ. ಒಂದು ಚರಂಡಿಗೆ ಭೂಮಿಪೂಜೆ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಆಹ್ವಾನ ಪತ್ರಿಕೆ ವಾಟ್ಸಾಪ್‌ಗೆ ಬಂದರೆ ಮಧ್ಯಾಹ್ನಕ್ಕೆ ಯಾರಾದರೊಬ್ಬ ನಾಯಕರ ಪ್ರೆಸ್‌ಮೀಟ್. ನನ್ನ ಹೆಸರು ಬಿಟ್ಟಿದ್ದಾರೆ, ಇದು ನನಗಾದ ಅವಮಾನ ಅಲ್ಲ, ಕ್ಷೇತ್ರದ ಜನತೆಗೆ ಆದ ಅವಮಾನ! ಆ ಜನತೆ ಅದೇ ಹೊತ್ತಿಗೆ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಿರುತ್ತಾರೆ. ತಮಗೆ ಅವಮಾನ ಆಗಿದೆ ಅನ್ನೋದು ಅವರಿಗೆ ಸಂಜೆ ಟಿವಿ ಹಾಕಿದ ಮೇಲೇ ಗೊತ್ತಾಗೋದು.

ಕಾರ್ಡ್ ಅಂದರೆ ಸುಮ್ನೆ ಅಲ್ಲ. ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ಇದ್ಯಾವುದರಲ್ಲೂ ಜಾಗ ಸಿಗದವರಿಗೆ ವಿಶೇಷ ಆಹ್ವಾನಿತರು. ಯಾರು ಯಾರ ಮೇಲೆ, ಯಾರದ್ದು ದಪ್ಪ ಅಕ್ಷರ, ಎಲ್ಲಕ್ಕೂ ಶಿಷ್ಟಾಚಾರ ಇದೆ. ತಪ್ಪಿದರೆ ಶಾಸಕರು ತಮ್ಮ ಹಕ್ಕಿಗೆ ಧಕ್ಕೆಯಾಯಿತು ಅಂತ ಸದನದಲ್ಲಿ ಹಕ್ಕುಚ್ಯುತಿ ಮಂಡಿಸಬಹುದು, ಅದು ಹಕ್ಕುಬಾಧ್ಯತಾ ಸಮಿತಿವರೆಗೂ ಹೋಗಬಹುದು, ಪಾಪ ಇಂಜಿನಿಯರ್ ಬೆಂಗಳೂರಿಗೆ ಹೋಗಿ 'ಕಣ್ತಪ್ಪಿನಿಂದ ಆಗಿದೆ ಸಾರ್' ಅಂತ ಕೈಕಟ್ಟಿ ನಿಲ್ಲಬೇಕಾಗಬಹುದು. ಕಟ್ಟಿದ ಚರಂಡಿ ಮೊದಲ ಮಳೆಗೇ ಕುಸಿದರೆ ಯಾರನ್ನಾದರೂ ಅಷ್ಟು ದೂರ ಕರೆಸಿದ್ದನ್ನು ನಾನಂತೂ ಕಂಡಿಲ್ಲ.

ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ತಗೊಳ್ಳಿ. 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಷ್ಟೂ ವರ್ಷ ಡ್ಯಾಂ ತುಂಬದೇ ಇದ್ದದ್ದಕ್ಕೆ 'ನಾನೇ ಕಾರಣ' ಅಂತ ಒಬ್ಬರೂ ಫ್ಲೆಕ್ಸ್ ಹಾಕಿಸಲಿಲ್ಲ. ತುಂಬಿತು ನೋಡಿ, ಆಗ ನಮ್ಮ ಕಾಲದ್ದು, ನಮ್ಮ ಪಕ್ಷದ್ದು, ಭದ್ರೆಯಿಂದ ನೀರು ತಂದವರು ನಾವು, ಬಾಗಿನ ಮೊದಲು ಬಿಡಬೇಕಾದವರೂ ನಾವೇ. ಆ ವರ್ಷ ಸುರಿದ ಮಳೆಗೆ ವಿಶೇಷ ಆಹ್ವಾನಿತರ ಪಟ್ಟಿಯಲ್ಲಾದರೂ ಒಂದು ಜಾಗ ಕೊಡಬಹುದಿತ್ತು, ಅಲ್ವಾ?

ಭದ್ರಾ ಮೇಲ್ದಂಡೆಯದ್ದು ಇನ್ನೂ ದೊಡ್ಡವರ ಜಗಳ. ಚಿತ್ರದುರ್ಗ, ದಾವಣಗೆರೆ, ತುಮಕೂರು, ಚಿಕ್ಕಮಗಳೂರು ಸೇರಿ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ನೀರು ಕೊಡಬೇಕಾದ ಯೋಜನೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಬಜೆಟ್ ಅದಕ್ಕೆ 5,300 ಕೋಟಿ ರೂಪಾಯಿ ಅಂದಿತು. ಇಲ್ಲಿ ಪಟಾಕಿನೂ ಹೊಡೆದರು. ಆಮೇಲೆ ರಾಜ್ಯದವರು ದುಡ್ಡು ಎಲ್ಲಿ ಅಂತಾರೆ, ಕೇಂದ್ರದವರು ದಾಖಲೆ ಎಲ್ಲಿ ಅಂತಾರೆ, ಇವರ ಪತ್ರಕ್ಕೆ ಅವರ ಟ್ವೀಟು, ಅವರ ಟ್ವೀಟಿಗೆ ಇವರ ಪಾದಯಾತ್ರೆ. ಹನಿ ನೀರಾವರಿ ಯೋಜನೆ ತಾನೇ, ದುಡ್ಡನ್ನೂ ಹನಿಸೋಣ ಅಂತ ಯಾರೋ ಅಂದುಕೊಂಡಿರಬೇಕು. ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರ ಮಾತ್ರ ಈ ಜಗಳದಲ್ಲಿ ಯಾವ ಕಡೆಗೂ ಸೇರದೆ ಮೋಡ ನೋಡ್ತಾ ಕೂತಿದ್ದಾನೆ.

ದಾವಣಗೆರೆಯವರು ನಗಬೇಡಿ. 1997ರಲ್ಲಿ ನಮ್ಮಿಂದ ಬೇರೆಯಾಗಿ ಜಿಲ್ಲೆ ಮಾಡಿಕೊಂಡಾಗ ತಾಲ್ಲೂಕುಗಳ ಜೊತೆ ಈ ಚಾಳಿಯನ್ನೂ ಗಂಟು ಕಟ್ಟಿಕೊಂಡೇ ಹೋಗಿದ್ದೀರಿ. ನಿಮ್ಮಲ್ಲೂ ಸಭೆ ಶುರುವಾಗೋದು ಯಾರ ಕುರ್ಚಿ ಎಲ್ಲಿ ಹಾಕಿದ್ದಾರೆ ಅನ್ನೋದರಿಂದ. ಮುಗಿಯೋದು ಸಭಾತ್ಯಾಗದಲ್ಲಿ. ಒಳಗೆ ಕಿತ್ತಾಡಿದವರೆಲ್ಲ ಸಂಜೆ ಒಂದೇ ಅಂಗಡಿ ಮುಂದೆ ಮಂಡಕ್ಕಿ ಮಿರ್ಚಿ ತಿಂತಾ ಸಿಗುತ್ತಾರೆ, ಅದು ಬೇರೆ ವಿಷಯ.

ನನ್ನದೊಂದು ಸಲಹೆ ಇದೆ. ಇನ್ನು ಮೇಲೆ ಕಾಮಗಾರಿಯ ಎಸ್ಟಿಮೇಟ್‌ನಲ್ಲೇ ಕಾರ್ಡ್ ಮರುಮುದ್ರಣಕ್ಕೆ ದುಡ್ಡು ಇಟ್ಟುಬಿಡಿ. ಜಾಸ್ತಿ ಏನಿಲ್ಲ, ಸಿಮೆಂಟಿನಲ್ಲಿ ಉಳಿಸೋದು ಇದ್ದೇ ಇರುತ್ತದಲ್ಲ, ಅದರಲ್ಲೇ ಹೊಂದಿಸಬಹುದು. ಶಿಲಾಫಲಕವನ್ನು ಚರಂಡಿಗಿಂತ ಉದ್ದ ಮಾಡಿಸಿ, ಎಲ್ಲರ ಹೆಸರೂ ಹಿಡಿಸುತ್ತದೆ. ಒಬ್ಬರದ್ದು ಬಿಟ್ಟರೂ ನಡೆಯುತ್ತದೆ, ಗುತ್ತಿಗೆದಾರರದ್ದು. ಕಾರ್ಡಿನಲ್ಲಿ ನನ್ನ ಹೆಸರಿಲ್ಲ ಅಂತ ಅವರು ಇವತ್ತಿನವರೆಗೂ ತಕರಾರು ತೆಗೆದಿಲ್ಲ. ಬಿಲ್ಲಿನಲ್ಲಿದ್ದರೆ ಸಾಕಂತೆ.