ಕಂಪನಿಯೇ ಕಟ್ಟಿಕೊಟ್ಟ ಹಳೇ ಕಾರಿಗೆ ಅಷ್ಟು ದುಡ್ಡಾ?

ಮುಂಬೈನ ಮಾಟುಂಗಾದ ನಮ್ಮ ಕಾಫಿ ಗುಂಪಿನಲ್ಲಿ ಹಳೇ ಕಾರಿನ ಮಾತು ಬಂದರೆ ಜಗಳ ಖಾತ್ರಿ. ಜಾಗ್ವಾರ್ ಕಂಪನಿ ತನ್ನದೇ ಹಳೇ ಇ-ಟೈಪ್ ಸ್ಪೋರ್ಟ್ಸ್ ಕಾರುಗಳನ್ನು ಬಿಚ್ಚಿ, ಮತ್ತೆ ಕಟ್ಟಿ ಮಾರಲು ಹೊರಟಾಗ ಬೆಲೆ ಶುರುವಾಗಿದ್ದೇ 2,85,000 ಪೌಂಡ್‌ನಿಂದ. ಆಗಿನ ಲೆಕ್ಕಕ್ಕೆ ರೂಪಾಯಿಯಲ್ಲಿ ಎರಡು ಕೋಟಿಗೂ ಜಾಸ್ತಿ. "ಹಗಲು ದರೋಡೆ" ಅಂತಾರೆ ಗುಂಪಿನ ಶೆಟ್ರು. ನನಗೆ ಹಾಗನ್ನಿಸುವುದಿಲ್ಲ.

ನಿಸ್ಸಾನ್ ಕಥೆ ನೋಡಿ. 1996ರಲ್ಲಿ ಅಮೆರಿಕದಲ್ಲಿ ಅವರ 300 ಝಡ್ಎಕ್ಸ್ ಸ್ಪೋರ್ಟ್ಸ್ ಕಾರಿನ ಮಾರಾಟ ನಿಂತಿತು. ಝಡ್ ಹೆಸರು ಜನರ ಬಾಯಲ್ಲಿ ಉಳಿಯಲಿ ಅಂತ ಕಂಪನಿ ಅದೇ ಸಾಲಿನ ಹಳೇ 240 ಝಡ್‌ಗಳನ್ನು ಹುಡುಕಿ ಕೊಂಡು, ಹೊಸದರಂತೆ ಮಾಡಿಸಿ, ಡೀಲರ್‌ಗಳ ಮೂಲಕ ಮಾರಿತು. 1970ರಲ್ಲಿ ಸುಮಾರು 3,500 ಡಾಲರ್ ಇದ್ದ ಕಾರಿಗೆ ಆಗ ಹೆಚ್ಚುಕಮ್ಮಿ 25,000 ಡಾಲರ್! ಹೊಚ್ಚಹೊಸ ಮಾಜ್ದಾ ಮಿಯಾಟಾ ಸ್ಪೋರ್ಟ್ಸ್ ಕಾರೇ ಅದಕ್ಕಿಂತ ಅಗ್ಗವಿತ್ತು. ಆದರೂ ಕಂಪನಿಗೆ ಗಿಟ್ಟಲಿಲ್ಲ. ಐವತ್ತು ಕಾರು ಆಗುವ ಮೊದಲೇ ನಿಲ್ಲಿಸಿದರು.

ಯಾಕೆ ಗಿಟ್ಟಲಿಲ್ಲ? ತುಕ್ಕು ಸ್ವಾಮಿ, ತುಕ್ಕು. ಬಣ್ಣ ಕೆರೆದ ಮೇಲೇ ಅದರ ನಿಜ ಬಣ್ಣ ಗೊತ್ತಾಗುವುದು. ಒಂದು ಕಡೆ ತಗಡು ಕತ್ತರಿಸಿದರೆ ಪಕ್ಕದ್ದೂ ಹೋಗಿರುತ್ತದೆ. ಸಮುದ್ರದ ಗಾಳಿಯಲ್ಲಿ ಕಾರು ನಿಲ್ಲಿಸುವ ಮುಂಬೈನವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಕೈಕೆಲಸಕ್ಕೆ ಹಿಡಿಯುವ ಹೊತ್ತೂ ಕಮ್ಮಿಯಲ್ಲ. ಆಸ್ಟನ್ ಮಾರ್ಟಿನ್ ತನ್ನ ಡಿಬಿ4 ಜಿಟಿಯನ್ನು ಹಳೇ ಮಾದರಿಯಂತೆಯೇ ಹೊಸದಾಗಿ ಕಟ್ಟಿದಾಗ ಒಂದೊಂದಕ್ಕೂ ಸುಮಾರು 4,500 ಗಂಟೆ ಹಿಡಿಯಿತು.

"ಕುರ್ಲಾದ ಗ್ಯಾರೇಜಿನಲ್ಲಿ ಇದರ ಕಾಲುಭಾಗಕ್ಕೆ ಮಾಡಿಸ್ತೀನಿ" ಅಂತಾರೆ ಶೆಟ್ರು. ಮಾಡಿಸಬಹುದು, ಅಲ್ಲಿನವರ ಕೈಚಳಕಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಯಾವ ಚಾಸಿಗೆ (ಕಾರಿನ ಅಡಿಚೌಕಟ್ಟಿಗೆ) ಯಾವ ಎಂಜಿನ್ ಕೂರಿಸಿದ್ದರು ಅನ್ನುವ ದಾಖಲೆ ಇರುವುದು ಕಂಪನಿಯ ಬಳಿ. ಫೆರಾರಿ 2006ರಿಂದ ಇದಕ್ಕೆಂದೇ ಕ್ಲಾಸಿಕೆ ಅನ್ನುವ ವಿಭಾಗ ನಡೆಸುತ್ತಿದೆ. ಕಾರು ಅಸಲಿ ಅನ್ನುವ ಅವರ ಪ್ರಮಾಣಪತ್ರ ಇದ್ದರೆ ಹರಾಜಿನಲ್ಲಿ ಕಾರಿನ ತೂಕವೇ ಬೇರೆ. ನಮ್ಮ ಪ್ರೀಮಿಯರ್ ಪದ್ಮಿನಿ ಹುಟ್ಟಿದ್ದೂ ಇದೇ ಕುರ್ಲಾದಲ್ಲಿ. ಈಗ ಅದರ ಒಂದು ಬಿಡಿಭಾಗ ಬೇಕಾದರೆ ಗುಜರಿ ಅಂಗಡಿಯೇ ಗತಿ. ಹಳೇ ನಕ್ಷೆ, ಅಚ್ಚು, ಕಡತ ಕಾಪಾಡಿಕೊಂಡು ಬಂದ ಕಂಪನಿ ಅದಕ್ಕೂ ಸೇರಿಸಿ ದುಡ್ಡು ಕೇಳಿದರೆ ತಪ್ಪೇನು?

ಇಷ್ಟೆಲ್ಲ ಹೇಳಿದ ಮೇಲೂ, ಇದನ್ನು ಹೂಡಿಕೆ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ರಿಪೇರಿಗೆ ಸುರಿದದ್ದು ಪೂರ್ತಿ ವಾಪಸ್ ಬರುವುದು ಅಪರೂಪ. ಕಂಪನಿಯ ಬಣ್ಣವೇ ಇನ್ನೂ ಉಳಿದಿರುವ, ಯಾರೂ ಕೈ ಹಾಕದ ಕಾರಿಗೇ ಎಷ್ಟೋ ಸಂಗ್ರಾಹಕರು ಜಾಸ್ತಿ ಕೊಡುತ್ತಾರೆ. ಇಲ್ಲಿಗೆ ತರಿಸಿದರೆ ಸುಂಕ ಬೇರೆ. ಕೇಂದ್ರ ಸರ್ಕಾರದ 2021ರ ನಿಯಮದಡಿ ವಿಂಟೇಜ್ (ಹಳೇ ಕಾಲದ ಕಾರು) ಅಂತ ನೋಂದಾಯಿಸಿದರೆ ಶುಲ್ಕ 20,000 ರೂಪಾಯಿ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ ಇದ್ದಾಗ ಹೊರಗೆ ತೆಗೆಯಬಹುದು. ಉಳಿದ ದಿನ ಹೊದಿಕೆ ಸರಿಸಿ ನೋಡುತ್ತಾ ಕೂರಬೇಕು. ಇದಕ್ಕೆಲ್ಲ ಸೈ ಅನ್ನುವವರು ಧಾರಾಳವಾಗಿ ಕೊಳ್ಳಿ. ರ‍್ಯಾಲಿಯ ದಿನ ಪಕ್ಕದ ಸೀಟು ಖಾಲಿಯಿದ್ದರೆ ನನಗೊಂದು ಫೋನ್ ಮಾಡಿ.