ಹುಣ್ಣಿಮೆ ಬಂತು ಅಂತ ಬರೆಯೋದು

"ನಶಿಸುತ್ತಿರುವ ಕಲೆ" ಅಂತ ಯಾರಾದರೂ ಚಿತ್ತಾರದ ಬಗ್ಗೆ ಬರೆದಾಗ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ಬರೆದವರ ಉದ್ದೇಶ ಒಳ್ಳೆಯದೇ, ಗೊತ್ತು. ಆದರೂ ಜೀವ ಇರುವಾಗಲೇ ತಲೆ ಹತ್ತಿರ ದೀಪ ಹಚ್ಚಿಟ್ಟು ಕೂತವರ ಹಾಗೆ ಕಾಣುತ್ತಾರೆ. ಹೋದ ವರ್ಷ ದಸರಾಕ್ಕೆ ಮೊದಲು ನಮ್ಮ ಅಮ್ಮ ತೀರಿಕೊಂಡರು. ಚಿತ್ತಾರ ಬರೆಯುತ್ತಿದ್ದವರು. ಹಾಗಾಗಿ ಏನು ಹೋಗುತ್ತದೆ, ಏನು ಉಳಿಯುತ್ತದೆ ಅನ್ನೋದು ನನಗೆ ಬರೀ ಭಾಷಣದ ವಿಷಯ ಅಲ್ಲ. ಬರಹ ಉದ್ದ ಆಗಬಹುದು. ಪುರುಸೊತ್ತು ಇದ್ದವರು ಓದಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಚಿತ್ತಾರ ಬರೆಯುತ್ತಾರೆ. ಮದುವೆ ಬಂದರೆ ಗೋಡೆ ಮೇಲೆ ಹಸೆ ಚಿತ್ತಾರ. ಭೂಮಿ ಹುಣ್ಣಿಮೆ ಬಂದರೆ ಬುಟ್ಟಿ ಮೇಲೆ. ವಿಜಯದಶಮಿ ಆಗಿ ಐದು ದಿನಕ್ಕೆ ಬರುವ ಹುಣ್ಣಿಮೆ ಅದು, ಬೇರೆ ಕಡೆ ಸೀಗೆ ಹುಣ್ಣಿಮೆ ಅಂತಾರೆ. ಅಷ್ಟೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ. ಭೂಮಿ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು ಅನ್ನೋದು ಹಬ್ಬ. ಆ ಊಟ ಹೊತ್ತು ಹೋಗುವ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ದೊಡ್ಡದೊಂದು, ಚಿಕ್ಕದೊಂದು.

ಬುಟ್ಟಿಗೆ ಮೊದಲು ಸಗಣಿ ಬಳಿದು ಒಣಗಿಸಬೇಕು. ಅದರ ಮೇಲೆ ಕೆಮ್ಮಣ್ಣು. ಅದೂ ಒಣಗಿದ ಮೇಲೆ ಅಕ್ಕಿ ನೆನೆಸಿ ನುಣ್ಣಗೆ ಅರೆದ ಬಿಳಿಯಲ್ಲಿ ಎಳೆ ಎಳೆಯಬೇಕು. ಕಪ್ಪು ಬೇಕೆಂದರೆ ಅದೇ ಅಕ್ಕಿಯನ್ನು ಕರ್ರಗೆ ಹುರಿದು ಅರೆಯೋದು. ಹಳದಿಗೆ ಗುರಿಗೆ ಅನ್ನೋ ಮರದ ಕಾಯಿ. ಕುಂಚ ಅಂದರೆ ಪುಂಡಿ ನಾರು. ನಮ್ಮಮ್ಮ ನಾರಿನ ತುದಿಯನ್ನು ಕಲ್ಲಿನ ಮೇಲೆ ಜಜ್ಜಿ, ಉಗುರಲ್ಲಿ ಸೀಳಿ ಸೀಳಿ, ಬೇಡದ ಎಳೆ ಕಿತ್ತು ಹಾಕುತ್ತಿದ್ದರು. ದಪ್ಪ ಗೆರೆಗೆ ಒಂದು, ಸಣ್ಣ ಗೆರೆಗೆ ಇನ್ನೊಂದು. ಬುಟ್ಟಿಯನ್ನು ಮಡಿಲಲ್ಲಿ ಓರೆ ಇಟ್ಟುಕೊಂಡು, ಬಲಗೈ ಅಲ್ಲಾಡಿಸದೆ ಎಡಗೈಯಲ್ಲಿ ಬುಟ್ಟಿಯನ್ನೇ ತಿರುಗಿಸುತ್ತಿದ್ದರು. ಗೆರೆ ನೇರ ಬರುವ ಗುಟ್ಟು ಅಲ್ಲೇ ಇರೋದು. ನಡುವೆ ಯಾರಾದರೂ ಮಾತಾಡಿಸಿದರೆ "ಹ್ಞೂಂ" ಅಂತಿದ್ದರು, ತಲೆ ಎತ್ತುತ್ತಿರಲಿಲ್ಲ.

ಹುಣ್ಣಿಮೆ ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಕೊಟ್ಟೆ ಕಡುಬು ಬೇಯಬೇಕು, ಬೆರಕೆ ಸೊಪ್ಪು ಬೇಯಬೇಕು. ಬೆಳಗಾಗುವ ಮೊದಲೇ "ಅಚ್ಚಂಬಲಿ, ಹಾಲಂಬಲಿ, ಬೇಲಿ ಮೇಲಿನ ದಾರೆ ಹೀರೆಕಾಯಿ, ಭೂಮಿತಾಯಿ ಉಂಡು ಹೋಗಲಿ" ಅಂತ ಕೂಗುತ್ತಾ ಗಂಡಸರು ಬೇಯಿಸಿದ ಸೊಪ್ಪನ್ನು ಗದ್ದೆಗೆ ಎರಚಿ ಬರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಹೋಗಿ ಪೂಜೆ, ಅಲ್ಲೇ ಊಟ. ಕಾಗೆಗೆ ಎಡೆ, ಇಲಿಗೆ ಎಡೆ. ಭತ್ತ ತಿನ್ನುವ ಇಲಿಗೂ ಹಬ್ಬದ ದಿನ ಊಟ ಬಡಿಸುತ್ತಾರಲ್ಲ, ನನಗೆ ಚಿಕ್ಕಂದಿನಿಂದ ಅದೇ ಇಷ್ಟ.

ಹಬ್ಬ ಮುಗಿದ ಮೇಲೆ ಬುಟ್ಟಿ ಅಟ್ಟ ಸೇರುತ್ತದೆ. ಮುಂದಿನ ವರ್ಷ ಕೆಳಗಿಳಿಸಿ, ಹಳೇ ಚಿತ್ತಾರದ ಮೇಲೇ ಸಗಣಿ ಬಳಿದು, ಕೆಮ್ಮಣ್ಣು ಬಳಿದು ಹೊಸದಾಗಿ ಬರೆಯೋದು. ಅಷ್ಟು ರಾತ್ರಿ ಕೂತು ಬರೆದಿದ್ದನ್ನು ತಾನೇ ಮುಚ್ಚಿಬಿಡೋದು. ಯಾರೂ ಅಯ್ಯೋ ಅನ್ನುತ್ತಿರಲಿಲ್ಲ.

ಈಗ ನನ್ನ ಮಾತಿಗೆ ಬರುತ್ತೇನೆ. ನಾವು ಸೃಜನಶೀಲತೆ ಅಂದ ಕೂಡಲೇ ಮನಸ್ಸಿಗೆ ಹುಮ್ಮಸ್ಸು ಬರಬೇಕು, ಏನೋ ಹೊಳೆಯಬೇಕು ಅಂತ ಕಾಯುತ್ತೇವೆ. ನಮ್ಮ ಕೇರಿಯ ಹೆಂಗಸರು ಯಾರೂ ಹಾಗೆ ಕಾದವರಲ್ಲ. ಹುಣ್ಣಿಮೆ ಬಂತು, ಬರೆಯಬೇಕು. ಸಾಲ ಇದ್ದ ವರ್ಷವೂ ಬರೆದರು, ಮಳೆ ಕೈಕೊಟ್ಟ ವರ್ಷವೂ ಬರೆದರು. ಕೆಲಸ ಮಾಡುತ್ತಾ ಮಾಡುತ್ತಾ ಮನಸ್ಸು ಸರಿಹೋದರೆ ಹೋಯಿತು, ಇಲ್ಲದಿದ್ದರೂ ಬುಟ್ಟಿಯಂತೂ ತಯಾರಾಗುತ್ತಿತ್ತು. ಭರವಸೆ ಅನ್ನೋದು ಮೊದಲು ಮನಸ್ಸಲ್ಲಿ ಹುಟ್ಟಿ ಆಮೇಲೆ ಕೈಗೆ ಬರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ನಾನು ನೋಡಿದ ಮಟ್ಟಿಗೆ ಅದು ಉಲ್ಟಾ.

ಸುಮ್ನೆ ಹೇಳುತ್ತಿಲ್ಲ. ನಮ್ಮ ಅಜ್ಜಿಯ ಕಾಲ ನೋಡಿ. ಅವರು ಯಾವ ಗದ್ದೆಗೆ ಬಯಕೆ ಊಟ ಹೊತ್ತು ಹೋಗುತ್ತಿದ್ದರೋ ಆ ಗದ್ದೆ ಅವರದಾಗಿರಲಿಲ್ಲ, ಜಮೀನಿನ ಒಡೆಯರದು. ಗೇಣಿ ಅಳೆಯುವ ಕೊಳಗದ ಅಳತೆಯಲ್ಲೇ ಮೋಸ ಅಂತ ಜಗಳ ಶುರುವಾಗಿ 1951ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ಆಯಿತು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಇಷ್ಟೆಲ್ಲ ಆದ ಮೇಲೂ ಗೇಣಿದಾರರಿಗೆ ಭೂಮಿ ಹಕ್ಕು ಸಿಗಲು 1974ರ ಕಾಯ್ದೆ ಬರಬೇಕಾಯಿತು. ಅಲ್ಲಿಯ ತನಕ ಪ್ರತಿ ವರ್ಷ ಯಾರದೋ ಗದ್ದೆಗೆ ತಮ್ಮ ಮನೆ ಬುಟ್ಟಿ ಸಿಂಗರಿಸಿದರು. ಗುಲಾಮತನ ಅಂತ ಯಾರಾದರೂ ಅನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ಕಾಗದದಲ್ಲಿ ಹೆಸರು ಯಾರದೇ ಇರಲಿ, ಆ ಮಣ್ಣಿನ ಬಾಣಂತನ ಮಾಡುವವಳು ನಾನು ಅಂತ ಅಜ್ಜಿಗೆ ಗಟ್ಟಿಯಾಗಿ ಗೊತ್ತಿತ್ತು.

ಇನ್ನು ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆಗಿ ಶರಾವತಿ ನೀರು ಹಿಂದಕ್ಕೆ ಬಂತು. ಅಜ್ಜಿಯ ತವರುಮನೆ ನೀರಿನಡಿ ಹೋಯಿತು. ಊರು ಬಿಡಬೇಕು ಅಂತ ಗೊತ್ತಾದ ವರ್ಷವೇ ಆ ಮನೆಯಲ್ಲಿ ಒಂದು ಮದುವೆ ಇತ್ತಂತೆ. ಗೋಡೆ ಸಾರಿಸಿ ಪೂರ್ತಿ ಹಸೆ ಬರೆದರಂತೆ. "ಮುಳುಗೋ ಗೋಡೆಗೆ ಯಾಕಜ್ಜಿ?" ಅಂತ ನಾನು ಕೇಳಿದ್ದೆ. "ಮದುವೆ ಇತ್ತಲ್ಲೇ" ಅಂದಿದ್ದರು. ಇದಕ್ಕಿಂತ ಹೆಚ್ಚು ವಿವರಣೆ ಅವರಿಂದ ಯಾವತ್ತೂ ಸಿಗಲಿಲ್ಲ.

ಅಮ್ಮನ ವಿಷಯ. ಅವರು ಹೋದ ವರ್ಷ ಮನೆಯಲ್ಲಿ ಹಬ್ಬ ಮಾಡಲಿಲ್ಲ, ಬುಟ್ಟಿ ಅಟ್ಟದಿಂದ ಇಳಿಯಲಿಲ್ಲ. ನನಗೆ ಬರೆಯಲು ಬರುತ್ತದಾ ಅಂದರೆ, ಬರುವುದಿಲ್ಲ. ಹೈಸ್ಕೂಲಿನಿಂದ ಹಾಸ್ಟೆಲು, ಆಮೇಲೆ ಟಿಸಿಎಚ್ ಅಂತ ಶಿಕ್ಷಕರ ತರಬೇತಿ, ಆಮೇಲೆ ನೌಕರಿ. ದಸರಾ ರಜೆಗೆ ಬಂದಾಗ ಅಕ್ಕಿ ಅರೆದು ಕೊಟ್ಟಿದ್ದೇನೆ ಅಷ್ಟೇ. ಸಾಂತ್ವನ ಹೇಳಲು ಬಂದ ಕೆಲವರು "ಆ ಕೈಗುಣ ಅವರ ಜೊತೆಗೇ ಹೋಯ್ತು" ಅಂದರು. ಪ್ರೀತಿಯಿಂದಲೇ ಅಂದರು. ಆದರೆ ಅರ್ಧ ಮಾತ್ರ ನಿಜ. ಅಮ್ಮನ ಕೈ ಹೋಯಿತು. ಚಿತ್ತಾರ ಅಮ್ಮ ಒಬ್ಬರದೇ ಯಾವತ್ತಾಗಿತ್ತು? ಪಕ್ಕದ ಮನೆ ಚಿಕ್ಕಮ್ಮನಿಗೆ ಗೊತ್ತಿತ್ತು, ಮೇಲಿನ ಕೇರಿಯವರಿಗೆ ಗೊತ್ತಿತ್ತು. ಯಾರದೂ ಅಮ್ಮನ ಥರ ಇಲ್ಲ ನಿಜ. ಅವರವರ ಥರ ಇದೆ.

ಅದೇ ಹೋದ ವರ್ಷ, ಮನೆಯಲ್ಲಿ ಹಬ್ಬ ಇಲ್ಲದ ಹೊತ್ತಲ್ಲಿ, ನಾನು ಶಾಲೆಯಲ್ಲಿ ಬುಟ್ಟಿ ಹಿಡಿದೆ. ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ನಾನು ಗಣಿತದ ಟೀಚರ್. ಚಿತ್ರಕಲೆಗೆ ಅಂತ ಶಿಕ್ಷಕರು ಇಲ್ಲ. ಮಕ್ಕಳಿಗೆ ಚಿತ್ರ ಬಿಡಿಸಿ ಅಂದರೆ ಎಲ್ಲರದೂ ಒಂದೇ: ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ತೆಂಗಿನಮರ, ಹಾರುವ ಹಕ್ಕಿ. ಸುತ್ತ ಅಡಿಕೆ ತೋಟ ಇದ್ದರೂ ಚಿತ್ರದಲ್ಲಿ ತೆಂಗಿನಮರವೇ! ಪ್ರತಿಭಾ ಕಾರಂಜಿಗೆ ತಯಾರಿ ಮಾಡಿಸುವಾಗ ನಾವೇ ಕಲಿಸಿರುತ್ತೇವೆ, ಬಹುಮಾನ ಬಂದ ಚಿತ್ರ ಹೀಗಿತ್ತು, ಹಾಗೇ ಬರೀರಿ ಅಂತ. ಸ್ಪರ್ಧೆ ಬೇಡ ಅನ್ನುತ್ತಿಲ್ಲ. ಆದರೆ ಮಗುವಿಗೆ ಚಿತ್ರ ಅಂದರೆ ಮೂರು ಜನ ಗೆಲ್ಲುವ, ಉಳಿದವರೆಲ್ಲ ಸೋಲುವ ಕೆಲಸ ಅಂತ ಮೊದಲೇ ತಲೆಗೆ ತುಂಬಿದರೆ ಆಮೇಲೆ ತೆಗೆಯುವುದು ಕಷ್ಟ.

ಸಂತೆಯಿಂದ ಕೆಲವು ಬುಟ್ಟಿ ತಂದೆ. ಐದನೇ ಕ್ಲಾಸಿನ ಹುಡುಗನೊಬ್ಬ ಅವನ ಅಜ್ಜಿಯನ್ನು ಕರೆದುಕೊಂಡು ಬಂದ. ನಾನು ಗಣಿತದವಳಲ್ವಾ, ಬುಟ್ಟಿಯ ಸುತ್ತಳತೆ ಅಳೆದು, ಪೆನ್ಸಿಲಲ್ಲಿ ಗುರುತು ಮಾಡಿ, ಸಮ ಭಾಗ ಮಾಡಿಟ್ಟಿದ್ದೆ. ಅಜ್ಜಿ ನೋಡಿದರು.

"ಇದೆಂತ ಟೀಚರೇ, ಬುಟ್ಟಿಗೆ ಹೊಲಿಗೆ ಹಾಕೀರಾ?"

ಮಕ್ಕಳೆಲ್ಲ ನಕ್ಕರು. ಅಜ್ಜಿ ಬೆರಳು ಮಡಚಿ ಎರಡು ಕಡೆ ಇಟ್ಟು ನೋಡಿದರು, ಅಷ್ಟೇ ಅಳತೆ. ಎಳೆ ಹಾಕುತ್ತಾ ಬಂದು, ಶುರು ಮಾಡಿದ ಜಾಗಕ್ಕೆ ಸರಿಯಾಗಿ ಕೂಡಿಸಿದರು. ಒಂದು ಕಡೆ ಒಂಚೂರು ಜಾಗ ಉಳಿಯಿತು. ಅಲ್ಲೊಂದು ಹಕ್ಕಿ ಕೂರಿಸಿದರು. ನನ್ನ ಲೆಕ್ಕದಲ್ಲಿ ಉಳಿದ ಜಾಗ ಅಂದರೆ ತಪ್ಪು, ಅವರ ಲೆಕ್ಕದಲ್ಲಿ ಹಕ್ಕಿಗೆ ಜಾಗ.

ಒಬ್ಬ ಹುಡುಗ ಬುಟ್ಟಿ ಮೇಲೆ ಲಾಂಚ್ ಬರೆದ. ಸಿಗಂದೂರಿಗೆ ಹೋಗಿ ಬಂದವರಿಗೆ ಗೊತ್ತಿರುತ್ತದೆ, ಹೊಳೆಬಾಗಿಲಿನ ಲಾಂಚ್, ಜನ, ವಾಹನ ಎಲ್ಲ ಹೊತ್ತು ಶರಾವತಿ ಹಿನ್ನೀರು ದಾಟಿಸುತ್ತಿದ್ದ ದೊಡ್ಡ ದೋಣಿ. ಮುಳುಗಡೆ ಆದ ಮೇಲೆ ಆಚೆ ದಡದವರಿಗೆ ಆಸ್ಪತ್ರೆಗೆ, ಸಂತೆಗೆ, ಮದುವೆ ದಿಬ್ಬಣಕ್ಕೆ ಎಲ್ಲದಕ್ಕೂ ಅದೇ ದಾರಿಯಾಗಿತ್ತು. 2025ರ ಜುಲೈಯಲ್ಲಿ ಸೇತುವೆ ಶುರುವಾಯಿತು. ಒಳ್ಳೆಯದೇ ಆಯಿತು, ರಾತ್ರಿ ಹೊತ್ತು ರೋಗಿಯನ್ನು ಇಟ್ಟುಕೊಂಡು ದಡದಲ್ಲಿ ಕಾದವರನ್ನು ಕೇಳಿ ಬೇಕಾದರೆ. ಆದರೆ ಆ ಹುಡುಗನಿಗೆ ಲಾಂಚ್ ಬೇಕಿತ್ತು. ಜೋಗಿ ಜಡೆ ಅನ್ನೋ ಚಿತ್ತಾರದ ವಿನ್ಯಾಸದ ನಡುವೆ ಒಂದು ಜೀಪು, ಎರಡು ಬೈಕು, ಒಂದಿಷ್ಟು ಜನ ಹೊತ್ತ ಲಾಂಚ್. ಇದು ಚಿತ್ತಾರದಲ್ಲಿ ನಡೆಯುತ್ತದಾ ಅಂತ ನಾನೇ ಅಂಜಿಕೊಂಡು ಅಜ್ಜಿಯ ಮುಖ ನೋಡಿದೆ.

"ಲಾಂಚೇನೋ ಸರಿ. ನೀರೆಲ್ಲೋ? ಅಡೀಲಿ ಎರಡೆಳೆ ನೀರು ಹಾಕು. ಜೀಪಿನ ಕಾಲು ಸಣ್ಣ ಮಾಡು" ಅಂದರು. ಮುಗೀತು. ಪರಂಪರೆ ಅಂತ ನಾವು ಭಯಭಕ್ತಿಯಿಂದ ದೂರ ನಿಂತು ನೋಡುತ್ತೇವೆ. ಅದರೊಳಗೆ ಇರುವವರಿಗೆ ಆ ಭಯ ಇಲ್ಲ.

ಕಲೆ ನೋವು ಮರೆಸುತ್ತದೆ ಅಂತ ಹೇಳುತ್ತಾರಲ್ಲ, ನನಗೆ ಏನೂ ಮರೆಯಲಿಲ್ಲ. ಅಕ್ಕಿ ಹಿಟ್ಟಿನ ವಾಸನೆಗೆ ಅಮ್ಮ ಜಾಸ್ತಿಯೇ ನೆನಪಾದರು. ಒಂದು ಸಲ ಸ್ಟಾಫ್ ರೂಮಿಗೆ ಹೋಗಿ ಕೂತು ಬಂದೆ. ಬಂದು ನೋಡಿದರೆ ಒಬ್ಬಳು ಕೆಮ್ಮಣ್ಣಿನ ತಪ್ಪಲೆಗೆ ಕಾಲಿಟ್ಟು ಕೋಣೆ ತುಂಬ ಹೆಜ್ಜೆ ಮೂಡಿಸಿದ್ದಳು. ಅದನ್ನು ಒರೆಸುವ ಕೆಲಸ ಇತ್ತು. ದುಃಖ ಅಲ್ಲೇ ಇರುತ್ತದೆ, ಪಕ್ಕದಲ್ಲಿ ಕೆಲಸವೂ ಇರುತ್ತದೆ, ನನಗೆ ಅಷ್ಟು ಸಾಕಾಯಿತು.

ಈಗ ಅಮ್ಮನ ಕೊನೆಯ ಬುಟ್ಟಿಯ ಬಗ್ಗೆ ಮನೆಯಲ್ಲಿ ಸಣ್ಣ ಜಟಾಪಟಿ ನಡೆದಿದೆ. ಬೆಂಗಳೂರಿನಲ್ಲಿರುವ ತಮ್ಮ ಅದಕ್ಕೆ ಗಾಜಿನ ಪೆಟ್ಟಿಗೆ ಮಾಡಿಸಿ ಹಾಲ್‌ನಲ್ಲಿ ಇಡುತ್ತೇನೆ ಅಂತಾನೆ. ಊರಲ್ಲಿರುವ ಅತ್ತಿಗೆ, "ಗಾಜಲ್ಲಿಟ್ರೆ ಗದ್ದೆಗೆ ಏನು ತಗೊಂಡ್ ಹೋಗ್ಲಿ ಮಾರಾಯ?" ಅಂತ ಕೇಳಿದ್ದಾರೆ. ನನ್ನ ಓಟು ಅತ್ತಿಗೆಗೆ. ತಮ್ಮನ ಸಂಕಟ ಅರ್ಥವಾಗುತ್ತದೆ, ಅವನಿಗೆ ಅಲ್ಲಿ ಗದ್ದೆಯೂ ಇಲ್ಲ, ಅಟ್ಟವೂ ಇಲ್ಲ. ಎಲ್ಲ ಕಡೆಯಿಂದ ಫೋಟೋ ತೆಗೆದು ಕಳಿಸಿದ್ದೇನೆ. ಸಾಗರದ ಸುತ್ತ ಚಿತ್ತಾರವನ್ನೇ ಕಸುಬು ಮಾಡಿಕೊಂಡು, ಹಾಳೆ ಮೇಲೆ, ಬಟ್ಟೆ ಮೇಲೆ ಬರೆದು ಮಾರುವವರೂ ಇದ್ದಾರೆ. ಅವರ ಮೇಲೆ ನನಗೆ ಗೌರವ ಇದೆ. ಅವನಿಗೆ ಅವರ ಹತ್ತಿರ ಒಂದು ಬರೆಸಿಕೋ ಅಂದಿದ್ದೇನೆ, ಗೋಡೆಗೂ ಆಯಿತು, ಅವರಿಗೂ ನಾಲ್ಕು ಕಾಸು ಆಯಿತು. ಬುಟ್ಟಿಗೆ ಮಾತ್ರ ಈ ಸಲ ಸಗಣಿ ಬಳಿಯೋದೇ.

ಶಾಲೆಯಲ್ಲಿ ಈ ವರ್ಷ ಇನ್ನೊಂದು ವಾದ ಶುರುವಾಗಿದೆ. ಕಾಂಪೌಂಡ್ ಗೋಡೆಯ ಒಳಮೈಗೆ ಮಕ್ಕಳ ಕೈಯಲ್ಲಿ ಕೆಮ್ಮಣ್ಣು ಬಳಿಸಿ ಚಿತ್ತಾರ ಬರೆಸುತ್ತೇನೆ ಅಂತ ಕೇಳಿದೆ. ಹೆಡ್ ಮಾಸ್ಟರಿಗೆ ಆಯಿಲ್ ಪೇಂಟ್ ಮಾಡಿಸುವ ಆಸೆ.

"ಮೇಡಂ, ನಮ್ಮ ಮಳೆಗೆ ಎರಡು ದಿನ ನಿಲ್ಲಲ್ಲ ಅದು."

"ನಿಲ್ಲೋದು ಬೇಡ ಸರ್. ಮುಂದಿನ ವರ್ಷ ಐದನೇ ಕ್ಲಾಸಿಗೆ ಬರೋರಿಗೆ ಗೋಡೆ ಖಾಲಿ ಬೇಕಲ್ಲ."

ಸ್ವಲ್ಪ ಹೊತ್ತು ರಿಜಿಸ್ಟರ್ ತಿರುವಿ ಹಾಕಿದರು. ಆಮೇಲೆ ಖರ್ಚೆಷ್ಟು ಅಂತ ಕೇಳಿದರು. ಎರಡು ಸೇರು ಅಕ್ಕಿ ಅಂದೆ. ಕೆಮ್ಮಣ್ಣು ಶಾಲೆ ಹಿಂದಿನ ದರೆಯಲ್ಲೇ ಇದೆ. ಪುಂಡಿ ನಾರು ಅಜ್ಜಿ ಕೊಡುತ್ತಾರಂತೆ. ಸಿಗದಿರೋದು ಗುರಿಗೆ ಕಾಯಿ ಒಂದೇ, ಆ ಮರಗಳೇ ನಮ್ಮ ಕಡೆ ಕಾಣುತ್ತಿಲ್ಲ. ಯಾರ ಊರಿನ ಕಾಡಲ್ಲಾದರೂ ಇದ್ದರೆ ದಸರಾ ರಜೆಗೆ ಮೊದಲು ತಿಳಿಸಿ, ನಾನೇ ಬಂದು ತಗೊಂಡು ಹೋಗುತ್ತೇನೆ.