ಚರ್ಚಿನ ಗೋಡೆಗೆ ಫ್ಲೆಕ್ಸ್ ಬೇಡ, ಚಿತ್ರಕಾರರು ಬೇಕು

ಚರ್ಚಿನೊಳಗಿನ ಚಿತ್ರಗಳನ್ನು ಬರೀ ಅಲಂಕಾರ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಭಕ್ತಿಯಿಂದ ಬರೆದ ಚಿತ್ರವೂ ಆರಾಧನೆಯೇ. ಗಾಯನ ವೃಂದದವರು ಹಾಡಿದರೆ ಅದು ಪೂಜೆಯ ಭಾಗ, ಒಬ್ಬ ಕಲಾವಿದ ತಿಂಗಳುಗಟ್ಟಲೆ ಅಟ್ಟಣಿಗೆ ಮೇಲೆ ನಿಂತು ಬರೆದರೆ ಮಾತ್ರ ಅದು ಕಾಂಟ್ರಾಕ್ಟ್ ಕೆಲಸ. ಇದ್ಯಾವ ನ್ಯಾಯ?

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿದವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ. ಅಲ್ಲಿನ ಚಿತ್ರಗಳನ್ನು ಬರೆದ ಆಂಟೋನಿಯೊ ಮೊಸ್ಕೇನಿ ಇಟಲಿಯ ಬೆರ್ಗಾಮೊ ಕಡೆಯವರು. ಪಾದ್ರಿಯಲ್ಲ, ಯೇಸುಸಭೆ (ಜೆಸ್ವಿಟ್) ಅನ್ನುವ ಸನ್ಯಾಸಿ ಸಂಘದ ಬ್ರದರ್, ಅಂದರೆ ಪಾದ್ರಿ ದೀಕ್ಷೆ ಪಡೆಯದ ಸನ್ಯಾಸಿ. ಅವರು ಪೂಜೆ ಅರ್ಪಿಸುವ ಹಾಗಿರಲಿಲ್ಲ. ದೇವರಿಗೆ ಕೊಡಲು ಅವರ ಹತ್ತಿರ ಇದ್ದದ್ದು ಕುಂಚ, ಅದನ್ನೇ ಪೂರ್ತಿ ಕೊಟ್ಟರು. 1899ರಲ್ಲಿ ಮಂಗಳೂರಿಗೆ ಬಂದು ಗೋಡೆ, ಕಮಾನು, ಛಾವಣಿ ಎಲ್ಲ ತುಂಬಿಸಿದರು. ಛಾವಣಿಯ ಚಿತ್ರಗಳು ಕ್ಯಾನ್ವಾಸ್ ಮೇಲಿನ ತೈಲವರ್ಣ, ಗೋಡೆಯವು ಫ್ರೆಸ್ಕೊ.

ಈ ಫ್ರೆಸ್ಕೊ ಸುಲಭದ್ದಲ್ಲ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕಲ್ಲಿನಂತಾಗುತ್ತದೆ, ಬಣ್ಣ ಅದರೊಳಗೇ ಉಳಿದುಬಿಡುತ್ತದೆ. ಹಾಗಾಗಿ ಅವತ್ತು ಮುಗಿಸಲು ಆಗುವಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯಬೇಕು. ತಪ್ಪಾದರೆ ಆ ಭಾಗ ಕೆತ್ತಿ ತೆಗೆದು ಮತ್ತೆ ಮೊದಲಿಂದ. ದಿನಾ ಅಷ್ಟಷ್ಟೇ, ಒಂದೇ ಮನಸ್ಸಿನಿಂದ ಮಾಡುವ ಇಂಥ ಕೆಲಸವನ್ನು ನಾನು ಜಪ ಅಂತಲೇ ಕರೆಯುತ್ತೇನೆ.

ಚಾಪೆಲ್‌ನ ಬಲಿಪೀಠದ ಮೇಲ್ಭಾಗದಲ್ಲಿ, ಅದು ಯಾರ ಹೆಸರಿನಲ್ಲಿದೆಯೋ ಆ ಸಂತ ಅಲೋಶಿಯಸ್ ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಿರುವ ಚಿತ್ರವಿದೆ. ಆ ಸೇವೆಯಲ್ಲೇ ರೋಗ ತಗುಲಿ ಅವರು 1591ರಲ್ಲಿ ತೀರಿಕೊಂಡರು, ಆಗಿನ್ನೂ 23 ವರ್ಷ. ಈಗ ಇಸವಿಗಳನ್ನು ಸ್ವಲ್ಪ ಪಕ್ಕಪಕ್ಕ ಇಟ್ಟು ನೋಡಿ. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತ್ತು. ಆ ಚಿತ್ರದ ಮುಂದೆ ಮೊದಲು ಮೊಣಕಾಲೂರಿದ ಜನಕ್ಕೆ ಅದು ರೋಮ್‌ನ ಹಳೇ ಕಥೆಯಾಗಿರಲಿಲ್ಲ. ರೋಗಿಯನ್ನು ಮುಟ್ಟಲು ಊರೇ ಹೆದರುತ್ತಿದ್ದ ಕಾಲದಲ್ಲಿ, ಮುಟ್ಟಿದವನೊಬ್ಬನ ಚಿತ್ರ ಕಣ್ಣೆದುರಿಗಿತ್ತು. ಪಾದ್ರಿಗಳ ಪ್ರಸಂಗ ಎಷ್ಟು ಕೇಳಿದರೂ ಇಷ್ಟು ನೇರವಾಗಿ ನಾಟುತ್ತದಾ?

ಮೊಸ್ಕೇನಿ ಕೊನೆಯವರೆಗೂ ಬರೆಯುತ್ತಲೇ ಇದ್ದರು. ಕೊಚ್ಚಿಯ ಸಾಂತಾ ಕ್ರೂಜ್ ಚರ್ಚಿನ ಚಿತ್ರಗಳನ್ನು ಬರೆದದ್ದೂ ಅವರೇ. ಆ ಚರ್ಚಿನ ಪ್ರತಿಷ್ಠೆಗೆ ಕೆಲವೇ ದಿನ ಇದ್ದಾಗ, 1905ರ ನವೆಂಬರ್‌ನಲ್ಲಿ ತೀರಿಹೋದರು.

ಹಾಗಂತ ಇಟಲಿಯ ಮುಖಗಳನ್ನೇ ಬರೆಯುತ್ತಿರಬೇಕು ಅಂತ ನಾನು ಹೇಳುತ್ತಿಲ್ಲ. ಗೋವಾದ ಆಂಜೆಲೊ ಡ ಫೊನ್ಸೆಕಾ ಶಾಂತಿನಿಕೇತನದಲ್ಲಿ ಕಲಿತು ಬಂದು, ಮಾತೆ ಮರಿಯಳಿಗೆ ಸೀರೆ ಉಡಿಸಿ ನಮ್ಮ ಕಡೆಯ ಹೆಣ್ಣುಮಗಳ ಹಾಗೆ ಬರೆದರು. ಊರಿನ ಧರ್ಮಸಭೆಯವರಿಗೆ ಅದು ಹಿಡಿಸಲಿಲ್ಲ. ಫೊನ್ಸೆಕಾ ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮಕ್ಕೆ ಹೋಗಿ ಅಲ್ಲೇ ಬರೆಯುತ್ತಾ ಉಳಿದರು. ನನಗಂತೂ ಇದು ಇವತ್ತಿಗೂ ಬೇಸರದ ವಿಷಯ. ನಮ್ಮ ಬೆಂಗಳೂರಿನ ಹೊರಗೆ ಸಿಲ್ವೆಪುರದಲ್ಲಿ ಚಿತ್ರಕಾರ ಜ್ಯೋತಿ ಸಾಹಿಯವರು ಈ ನೆಲದ ಕಲೆಯಲ್ಲೇ ಕ್ರಿಸ್ತನನ್ನು ಕಾಣಲು ಬಹಳ ವರ್ಷಗಳಿಂದ ದುಡಿದಿದ್ದಾರೆ. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಈಗ ಎಷ್ಟೋ ಕಡೆ ಇಂಟರ್ನೆಟ್‌ನಿಂದ ಇಳಿಸಿಕೊಂಡ ಯೇಸುವಿನ ಚಿತ್ರವನ್ನು ಫ್ಲೆಕ್ಸ್ ಮಾಡಿಸಿ ಬಲಿಪೀಠದ ಹಿಂದೆ ಕಟ್ಟುತ್ತಾರೆ. ಬಿಸಿಲಿಗೆ ಮುಖ ಬಿಳಿಚಿಕೊಂಡರೆ ಇನ್ನೊಂದು ಪ್ರಿಂಟ್. ದುಡ್ಡಿಲ್ಲ ಅನ್ನುತ್ತಾರೆ, ಆದರೆ ಸೌಂಡ್ ಸಿಸ್ಟಮ್‌ಗೆ, ಎಲ್‌ಇಡಿ ಪರದೆಗೆ ಇದೆಯಲ್ವಾ? ಆ ದುಡ್ಡು ಬಡವರಿಗೆ ಕೊಡಿ ಅನ್ನುವವರ ಜೊತೆ ನನಗೆ ಜಗಳವಿಲ್ಲ. ಖರ್ಚು ಮಾಡುವುದೇ ಆದರೆ ಚಿತ್ರಕಲಾ ಪರಿಷತ್ತಿನಂಥ ಕಡೆ ಕಲಿತು ಕೆಲಸಕ್ಕೆ ಅಲೆಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಗೋಡೆ ಕೊಡಿ. ಯೇಸು ಶಿಲುಬೆ ಹೊತ್ತು ನಡೆದ ಹಾದಿಯ 14 ಚಿತ್ರ ಬರೆಸಿ. ಬೇಗ ಮುಗಿಸು ಅಂತ ಅವಸರ ಮಾಡಬೇಡಿ.

ಇನ್ನೊಂದು ವಿಷಯ. ಊರ ಹಬ್ಬಕ್ಕೆ ಪೇಂಟ್ ಹೊಡೆಸುವ ಮುಂಚೆ ಹಳೆಯ ಗೋಡೆಯನ್ನು ತಿಳಿದವರಿಗೆ ತೋರಿಸಿ. ನಿಮ್ಮ ಚರ್ಚಿನಲ್ಲಿ ಕೈಯಿಂದ ಬರೆದ ಚಿತ್ರವಿದ್ದರೆ ಫೋಟೋ ತೆಗೆದು ಕಾಮೆಂಟ್‌ನಲ್ಲಿ ಹಾಕಿ, ಬರೆದವರು ಯಾರು ಅಂತ ಊರಿನ ಹಿರಿಯರನ್ನು ಕೇಳಿ ಅದನ್ನೂ ಬರೆಯಿರಿ.